ಭುಜದ ನೋವಿಗೆ ಆಕ್ಯುಪಂಕ್ಚರ್ ಸೂಜಿ ಚುಚ್ಚಿಸಿಕೊಳ್ಳಲು ಹೊರಟ ಶಿರಸಿ ಕಡೆಯವರು ಇದನ್ನೊಮ್ಮೆ ಓದಿ

ಹೇಳಿಕೊಳ್ಳಲಿಕ್ಕೆ ನಾಚಿಕೆ ಆಗ್ತದೆ. ಆದರೂ ಬರೆಯುತ್ತಿದ್ದೇನೆ. ನಾನು ಮೋಸ ಹೋದ ಆ ಕ್ಲಿನಿಕ್ಕಿನ ಮಹಡಿ ಮೆಟ್ಟಿಲ ಮೇಲೆ ಮೊನ್ನೆ ನಮ್ಮೂರಿನ ಇನ್ನಿಬ್ಬರು ಚೀಟಿ ಹಿಡಿದು ನಿಂತಿದ್ದರು.

ನನ್ನ ಬಲಭುಜ ಹಿಡಿದುಕೊಂಡು ಒಂಬತ್ತು ತಿಂಗಳಾಯಿತು. ಮಳೆಗಾಲದಲ್ಲಿ ಉದ್ದನೆ ದೋಟಿ ಹಿಡಿದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದದ್ದರ ಫಲ ಅಂದುಕೊಂಡಿದ್ದೆ. ಫೈಬರ್ ದೋಟಿ ಬಂದು ಮರ ಹತ್ತುವ ಕೊನೆಗೌಡನ ದಾರಿ ಕಾಯೋದು ತಪ್ಪಿತು, ಭುಜ ಹೋಯಿತು. ಬನಿಯನ್ ತೆಗೆಯಲಿಕ್ಕೂ ಮಗನನ್ನು ಕರೆಯುವ ಹಾಗಾಯಿತು. ಆಗ ನಮ್ಮ ಭಾವ, "ಶಿರಸಿಯಲ್ಲಿ ಆಕ್ಯುಪಂಕ್ಚರಿನವರು ಒಬ್ಬರಿದ್ದಾರೆ, ನಾಲ್ಕು ಸಿಟ್ಟಿಂಗಿಗೆ ಕೈ ಎತ್ತಿಸ್ತಾರೆ" ಅಂದ.

ಹೋದೆ. ಅಲ್ಲಿ ಗೋಡೆ ಮೇಲೆ ಡಾ. ಕೋಟ್ನಿಸರ ಫೋಟೋ. 1938ರಲ್ಲಿ ಚೀನಾಕ್ಕೆ ಹೋದ ಸೊಲ್ಲಾಪುರದ ಡಾಕ್ಟರು. ಅವರು ಆಪರೇಷನ್ ಮಾಡುವ ಡಾಕ್ಟರು, ಈ ಸೂಜಿಗೂ ಅವರಿಗೂ ಎಂತಾ ಸಂಬಂಧ ಅಂತ ಆಗ ಹೊಳೆಯಲಿಲ್ಲ. ಫೋಟೋಗೆ ಕೈ ಮುಗಿದೆ, ಅದೂ ನೋಯುವ ಕೈಯಲ್ಲಿ.

ಹತ್ತು ಸಿಟ್ಟಿಂಗಿಗೆ ಏಳು ಸಾವಿರ, ಎಲ್ಲಾ ಮೊದಲೇ. ಮೇಲೆ ಸೂಜಿಗೆ ಆರುನೂರು, "ನಿಮಗೇ ಬೇರೆ ಸೂಜಿ, ಹೆಗಡೇರೆ" ಎಂಬ ಮಾತಿನೊಂದಿಗೆ. ಚಾಲಿ ಅಡಿಕೆ ಮಾರಿದ ದುಡ್ಡು ಕಿಸೆಯಲ್ಲಿತ್ತು, ಎಣಿಸಿ ಕೊಟ್ಟೆ. ಸಕ್ಕರೆ ಕಾಯಿಲೆ ಇದೆಯಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರನೇ ಸಲಕ್ಕೆ ನೋವು ಹೆಚ್ಚಾಯಿತು ಅಂದೆ. "ಒಳ್ಳೇದೇ ಆಯ್ತು, ಒಳಗಿನ ವಿಷ ಹೊರಗೆ ಬರ್ತಾ ಇದೆ." ನಂಬಿದೆ ಮಾರಾಯ್ರೆ, ನಂಬಿದೆ!

ಐದನೇ ದಿನ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು, ಭುಜದ ಮೇಲೆ ಮೂರು ಸೂಜಿ ಚುಚ್ಚಿ ಆಗಿತ್ತು. ಸಹಾಯಕಿ ಹುಡುಗಿ ಸ್ಟೀಲ್ ಡಬ್ಬಿಯನ್ನು ನನ್ನ ಪಕ್ಕದಲ್ಲೇ ಇಟ್ಟು ಫೋನಿಗೆ ಹೋದಳು. ಒಳಗೆ ಸ್ಪಿರಿಟ್ ಹತ್ತಿ, ಎರಡು ಸೂಜಿಯ ತುದಿ ಸೊಟ್ಟ. ಮುಚ್ಚಳಕ್ಕೆ ಅಂಟಿಸಿದ ಬಿಳಿ ಪಟ್ಟಿ ಮೇಲೆ ನೀಲಿ ಪೆನ್ನಿನಲ್ಲಿ ಒಂದು ಹೆಂಗಸಿನ ಹೆಸರು. ಅದಕ್ಕೆ ಅಡ್ಡ ಗೀಟು. ಗೀಟಿನ ಕೆಳಗೆ ನನ್ನ ಹೆಸರು.

ಸೂಜಿ ಚುಚ್ಚಿಸಿಕೊಂಡು ಕೂತವ ಎದ್ದು ಓಡುವ ಹಾಗೂ ಇಲ್ಲ.

ಸೂಜಿಯವರನ್ನೇ ಕೇಳಿದೆ. "ಡಬ್ಬಿ ಹಳೇದು, ಸೂಜಿ ಹೊಸದು." ಸೊಟ್ಟ ಆದದ್ದು? "ನಿಮ್ಮ ಮಾಂಸ ಗಟ್ಟಿ." ನೋಂದಣಿ ಎಲ್ಲಿ? "2019ರಲ್ಲಿ ಕೇಂದ್ರ ಸರ್ಕಾರವೇ ಮಾನ್ಯತೆ ಕೊಟ್ಟಿದೆ, ಪೇಪರ್ ಓದೂದಿಲ್ವಾ?" ಪದ್ಧತಿಗೆ ಕೊಟ್ಟಿದೆ, ನಿಮಗೆ ಕೊಟ್ಟಿದೆಯಾ? ಈ ಮಾತು ನನ್ನ ಬಾಯಿಗೆ ಬಂದದ್ದು ಬಸ್ಸು ಹತ್ತಿದ ಮೇಲೆ. ದುಡ್ಡು ವಾಪಸ್ ಕೇಳಿದ್ದಕ್ಕೆ, "ಪ್ಯಾಕೇಜ್ ವಾಪಸ್ ಇಲ್ಲ. ಬೇಕಾದರೆ ಮನೆಯವರ ಮಂಡಿನೋವಿಗೆ ಬಳಸಿಕೊಳ್ಳಿ."

ಆಮೇಲೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಎಲ್ಲಾ ಪರೀಕ್ಷೆ. ಲ್ಯಾಬಿನ ಹುಡುಗ ನಮ್ಮ ಕಡೆಯವನೇ. ಚೀಟಿ ನೋಡಿದ, ನನ್ನ ಮುಖ ನೋಡಿದ. ಏನು ಹೇಳಲಿ ಅವನಿಗೆ? ಈಗ ಏನೂ ಇಲ್ಲ ಅಂತ ಬಂದಿದೆ, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು.

ಮೂಳೆ ಡಾಕ್ಟರು ಕೈಯನ್ನು ತಾವೇ ತಿರುಗಿಸಿ ನೋಡಿ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಂಡಿದೆ ಅಂದರು. ಸಕ್ಕರೆ ಇದ್ದವರಿಗೆ ಹೆಚ್ಚು ಬರುತ್ತದಂತೆ, ಬಿಡಲು ಒಂದರಿಂದ ಮೂರು ವರ್ಷವೂ ಹಿಡಿಯಬಹುದಂತೆ. ಸೂಜಿಯಿಂದ ಕೆಲವರಿಗೆ ನೋವು ಸ್ವಲ್ಪ ಇಳಿಯುತ್ತದೆ, ಆದರೆ ಭುಜದ ಮೇಲ್ಭಾಗದಲ್ಲಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೇ ತಾಗೀತು ಎಂದರು. ಕೇಳಿ ಬೆವರು ಬಂತು. ಈಗ ದಿನಾ ಗೋಡೆ ಮೇಲೆ ಬೆರಳು ನಡೆಸುತ್ತ ಕೈ ಏರಿಸುತ್ತೇನೆ, ಏರಿದಲ್ಲಿ ಪೆನ್ಸಿಲ್ ಗುರುತು. ಒಂದು ತಿಂಗಳಲ್ಲಿ ನಾಲ್ಕು ಬೆರಳು ಮೇಲೆ ಬಂದಿದೆ. ಇದಕ್ಕೆ ಪ್ಯಾಕೇಜ್ ಇಲ್ಲ.

ಹೋಗುವುದೇ ಆದರೆ, ಸೀಲ್ ಮಾಡಿದ ಸೂಜಿ ಪೊಟ್ಟಣ ನಿಮ್ಮೆದುರೇ ಒಡೆಯಬೇಕು, ಬಳಸಿದ್ದು ನಿಮ್ಮೆದುರೇ ತೂತಾಗದ ಬಿಳಿ ಡಬ್ಬಿಗೆ ಬೀಳಬೇಕು. ಖಾಸಗಿ ಕ್ಲಿನಿಕ್ಕುಗಳಿಗೆ ಸರ್ಕಾರ ಕೊಡುವ ಕೆಪಿಎಂಇ ನೋಂದಣಿ ಪತ್ರ ಗೋಡೆ ಮೇಲೆ ಇದೆಯಾ ನೋಡಿ, ಫೋಟೋ ಅಲ್ಲ. ಮುಂಗಡ ಮಾತ್ರ ಕೊಡಲೇಬೇಡಿ. ಭಾವ ಹೇಳಿದರೂ ಕೊಡಬೇಡಿ.

ಇದನ್ನು ಬರೆಯುವಾಗಲೇ ಅಲ್ಲಿಂದ ಮೆಸೇಜ್ ಬಂತು: "ಹೆಗಡೇರೆ, ನಿಮ್ಮದು ಐದು ಸಿಟ್ಟಿಂಗ್ ಬಾಕಿ ಇದೆ, ತಿಂಗಳ ಕೊನೆಗೆ ಅವಧಿ ಮುಗೀತದೆ."