ಒಂದೇ ನೋವಾ, ಎರಡು ಗೇರ್‌ಬಾಕ್ಸ್: ನಾಲ್ಕು ಬೇಸಿಗೆಯ ಲೆಕ್ಕ

ನಾನು ಓಡುವ ಡ್ರ್ಯಾಗ್ ರೇಸ್ ನಿಂತಲ್ಲಿಂದ ನೇರಕ್ಕೆ ಕಾಲು ಮೈಲಿ. ಅಂದರೆ 1,320 ಅಡಿ, ನಮ್ಮ ಲೆಕ್ಕದಲ್ಲಿ 402 ಮೀಟರ್. ನನ್ನ 1971ರ ಶೆವ್ರೊಲೆ ನೋವಾ ಅಷ್ಟು ದೂರ ಓಡೋಕೆ ಹೆಚ್ಚುಕಡಿಮೆ ಹದಿಮೂರು ಸೆಕೆಂಡ್ ತಗೊಳ್ಳುತ್ತೆ. ಆ ಹದಿಮೂರು ಸೆಕೆಂಡಿಗೋಸ್ಕರ ನಾಲ್ಕು ಬೇಸಿಗೆ ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗಿದ್ದೇನೆ. ಈಚೆಗೆ ಹಳೇ ಗಾಡಿ ಕೊಂಡ ಗೆಳೆಯರಿಬ್ಬರು ಒಂದೇ ಪ್ರಶ್ನೆ ಕೇಳಿದರು: ಮ್ಯಾನುಯಲ್ ಹಾಕಿಸೋದಾ, ಆಟೋಮ್ಯಾಟಿಕ್ ಸಾಕಾ? ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ವಿಷಯ. ಮಸಲ್ ಕಾರ್ ಅಂದ ಕೂಡಲೇ ಎಲ್ಲರೂ 1964ರ ಪಾಂಟಿಯಾಕ್ ಜಿಟಿಒ ಹೆಸರು ಹೇಳುತ್ತಾರೆ. ಮಧ್ಯಮ ಗಾತ್ರದ ಬಾಡಿಯೊಳಗೆ 389 ಕ್ಯೂಬಿಕ್ ಇಂಚಿನ ದೊಡ್ಡ ಎಂಜಿನ್ ತುರುಕಿದ ಗಾಡಿ ಅದು. ನೋವಾಗೆ ಅಂಥ ಮೆರವಣಿಗೆ ಇಲ್ಲ. ಶಾಲೆಯ ಮೇಷ್ಟ್ರು, ಅಂಚೆಯವರು ಓಡಿಸುತ್ತಿದ್ದ ಸಾಧಾರಣ ಕಾರು. ಆದರೆ ಮುಂಭಾಗದ ಚೌಕಟ್ಟು ಶೆವ್ರೊಲೆಯದೇ ಕಮಾರೊ ಕಾರಿನ ಸೋದರಸಂಬಂಧಿ, ಬಿಡಿಭಾಗ ಧಾರಾಳವಾಗಿ ಸಿಗುತ್ತವೆ, ತೂಕವೂ ಕಡಿಮೆ. ನನ್ನದು ಆರು ಸಿಲಿಂಡರ್, ಎರಡೇ ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್ ಇದ್ದ ಗಾಡಿ. ಚಾಸಿ ನಂಬರಿನಲ್ಲಿ ‘ಡಬ್ಲ್ಯೂ’ ಇದೆ, ಅಂದರೆ ಮಿಷಿಗನ್ನಿನ ವಿಲೋ ರನ್ನಿನಲ್ಲಿ ತಯಾರಾದದ್ದು. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರ್ ಕಟ್ಟಿದ ಊರು ಅದು. ಯುದ್ಧ ಮುಗಿದ ಕೆಲವು ವರ್ಷಕ್ಕೆ ಆ ಬಾಂಬರ್ ಕಟ್ಟಡದಲ್ಲೇ ಶೆವ್ರೊಲೆಯ ಒಡೆಯ ಕಂಪನಿ ಜಿಎಂ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸತೊಡಗಿತು. ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ.

ಆರು ಸಿಲಿಂಡರ್ ತೆಗೆದು 350 ಕ್ಯೂಬಿಕ್ ಇಂಚಿನ ವಿ8 ಕೂರಿಸಿದೆ, ಬೋರ್ ಮಾಡಿಸಿ ಸಿಲಿಂಡರ್ ಅಗಲಿಸಿದ ಮೇಲೆ 355 ಆಯಿತು. ನನ್ನನ್ನೂ ಸೇರಿಸಿ ತೂಕ 3,350 ಪೌಂಡ್. ಹಿಂದಿನ ಆಕ್ಸಲಿನ ಕ್ರೌನ್ ಪಿನಿಯನ್ ಅನುಪಾತ 3.73, ಅಂದರೆ ಚಕ್ರ ಒಂದು ಸುತ್ತು ಬರೋಕೆ ಶಾಫ್ಟು 3.73 ಸುತ್ತು ತಿರುಗಬೇಕು. ರೇಸಿಗೆ ಅದಕ್ಕಿಂತ ದೊಡ್ಡ ಅಂಕಿಯ, ಬಿಗಿಯಾದದ್ದು ಬೇಕು ಅಂತ ಬಲ್ಲವರು ಹೇಳುತ್ತಾರೆ, ನಿಜ. ಆದರೆ ನಾನು ಟ್ರೇಲರ್ ಇಟ್ಟುಕೊಂಡವನಲ್ಲ, ಗಾಡಿ ಓಡಿಸಿಕೊಂಡೇ ಹೋಗಿ ಓಡಿಸಿಕೊಂಡೇ ಬರುವವನು. ಈಗಲೇ 65 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ 3,100 ಸುತ್ತು ತಿರುಗುತ್ತದೆ, ಪಕ್ಕದಲ್ಲಿ ಕೂತವರ ಜೊತೆ ಮಾತಾಡಬೇಕಾದರೆ ಕೂಗಬೇಕು. ಇನ್ನೂ ಬಿಗಿ ಮಾಡಿದರೆ ಹೆಂಡತಿ ಬರುವುದಿಲ್ಲ.

ಟ್ರ್ಯಾಕ್ ಇರುವ ಊರಿನ ಹೆಸರನ್ನು ಬೋರ್ಡಿನಲ್ಲಿ ಓದಿದರೆ ‘ಮಿಲನ್’. ಕನ್ನಡದವನಿಗೆ ಎಷ್ಟು ಇಂಪಾದ ಹೆಸರು! ಊರಿನವರು ಮಾತ್ರ ‘ಮೈಲನ್’ ಅನ್ನುತ್ತಾರೆ. ಮೊದಲ ದಿನ ಗೇಟಿನಲ್ಲಿ ‘ಮಿಲನ’ ಅಂದು ನಗೆಪಾಟಲಾಗಿದ್ದೆ.

ಈಗ ಗೇರ್‌ಬಾಕ್ಸು. ಮೊದಲೆರಡು ಬೇಸಿಗೆ ನಾಲ್ಕು ಗೇರಿನ ಮ್ಯಾನುಯಲ್, ಮನ್ಸಿ ಎಂ20, ಆಮೇಲೆ ಮೂರು ಗೇರಿನ ಟರ್ಬೊ 350 ಆಟೋಮ್ಯಾಟಿಕ್ (ಹೆಸರಷ್ಟೇ ಟರ್ಬೊ, ಟರ್ಬೋಚಾರ್ಜರ್ ಅಲ್ಲ). ಎರಡರಲ್ಲೂ ಒಂದನೇ ಗೇರಿನ ಅನುಪಾತ 2.52. ಹಾಗಾಗಿ ಗೆರೆ ಬಿಡುವಾಗ ಗೇರಿನ ಬಲದಲ್ಲಿ ಹೆಚ್ಚುಕಡಿಮೆ ಇಲ್ಲ, ಪೈಪೋಟಿ ನ್ಯಾಯವಾದದ್ದೇ. ವ್ಯತ್ಯಾಸ ಆಮೇಲಿನದು. ಮನ್ಸಿಯಲ್ಲಿ 1.88, 1.46, ಆಮೇಲೆ ನೇರ (ಅಂದರೆ 1.00), ಟರ್ಬೊದಲ್ಲಿ 1.52, ಆಮೇಲೆ ನೇರ. ಮನ್ಸಿಯಲ್ಲಿ ಮೂರು ಸಲ ಗೇರ್ ಬದಲಿಸಬೇಕು, ಟರ್ಬೊ ತಾನಾಗಿಯೇ ಎರಡು ಸಲ ಬದಲಿಸಿಕೊಳ್ಳುತ್ತದೆ.

ಕ್ಲಚ್ ನನಗೆ ಹೊಸದಲ್ಲ. ಶಿರಾಡಿ ಘಾಟಿಯಲ್ಲಿ ಮಾವನ ಜೀಪನ್ನು ಹಾಫ್ ಕ್ಲಚ್‌ನಲ್ಲಿ ನಿಲ್ಲಿಸಿ ಹತ್ತಿಸಿದವನು ಅನ್ನೋ ಜಂಬ ಇತ್ತು. ಟ್ರ್ಯಾಕಿನಲ್ಲಿ ಆ ಜಂಬ ಇಳಿಯೋಕೆ ಒಂದು ಮಧ್ಯಾಹ್ನ ಸಾಕಾಯಿತು. ಇಲ್ಲಿ ಹಾಫ್ ಕ್ಲಚ್ ಅಂದರೆ ಸುಟ್ಟ ಪ್ಲೇಟು. ಎಂಜಿನ್ 3,500 ಸುತ್ತಿಗೆ ಏರಿಸಿ, ಹೊರಡುವ ಗೆರೆಯ ದೀಪದ ಕಂಬದಲ್ಲಿ ಹಸಿರಿಗೆ ಮುಂಚಿನ ಮೂರನೇ ಹಳದಿ ದೀಪ ಹತ್ತುತ್ತಿದ್ದಂತೆ ಪೆಡಲಿನಿಂದ ಕಾಲನ್ನು ಪಕ್ಕಕ್ಕೆ ಜಾರಿಸಿಬಿಡಬೇಕು. ನಿಧಾನಕ್ಕೆ ಬಿಡುವುದು ಅನ್ನೋದೇ ಇಲ್ಲ. ಸರಿಯಾಗಿ ಬಿದ್ದ ದಿನ ಮೊದಲ 60 ಅಡಿಗೆ 1.86 ಸೆಕೆಂಡ್, ಇಡೀ ಓಟ 12.94, ಕೊನೆಯಲ್ಲಿ ವೇಗ 104 ಮೈಲಿ. ನನ್ನ ನೋವಾ ಇದುವರೆಗೆ ಕಂಡ ಅತಿ ಒಳ್ಳೆಯ ಸಮಯದ ಚೀಟಿ ಅದು, ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಇನ್ನೂ ಅಂಟಿಸಿಕೊಂಡಿದ್ದೇನೆ.

ಅದರ ಪಕ್ಕದಲ್ಲೇ ಅಂಟಿಸಬೇಕಾದ ಇನ್ನೊಂದು ಚೀಟಿ ಇದೆ, ಅಂಟಿಸಿಲ್ಲ. ಅದೇ ದಿನ, ಒಂದೂವರೆ ಗಂಟೆ ಬಿಟ್ಟು: 13.43.

ಎರಡರಿಂದ ಮೂರಕ್ಕೆ ಹೋಗುವಾಗ ಕಡ್ಡಿಯನ್ನು ಮೇಲಕ್ಕೆ ತಳ್ಳಿ, ಬಲಕ್ಕೆ ಸರಿಸಿ, ಮತ್ತೆ ಮೇಲಕ್ಕೆ ತಳ್ಳಬೇಕು. ಅವಸರದಲ್ಲಿ ಬಲಕ್ಕೆ ಸರಿಯುವುದು ಸ್ವಲ್ಪ ತಪ್ಪಿದರೂ ಗೇರ್ ಕೂರುವುದಿಲ್ಲ, ಎಂಜಿನ್ ಒಂಟಿಯಾಗಿ ಕಿರುಚುತ್ತದೆ. ಒಂದು ಜುಲೈ ಸಂಜೆ ಹೀಗೇ ಆಗಿ ಸುತ್ತಿನ ಮುಳ್ಳು 7,000 ದಾಟಿತು. ಮನೆಗೆ ಬರುವಷ್ಟರಲ್ಲಿ ಟಕಟಕ ಸದ್ದು. ವಾಲ್ವ್ ಕವರ್ ಬಿಚ್ಚಿದರೆ ವಾಲ್ವ್ ತೆರೆಸುವ ಒಂದು ಪುಶ್‌ರಾಡ್ ಬಿಲ್ಲಿನಂತೆ ಬಾಗಿತ್ತು. ಇನ್ನೊಂದು ತರಲೆ: ಡಯಾಫ್ರಮ್ ಕ್ಲಚ್ಚಿನ ಪೆಡಲ್ 6,000 ಸುತ್ತಿನ ಹತ್ತಿರ ಒತ್ತಿದರೆ ಕೆಲವೊಮ್ಮೆ ನೆಲಕ್ಕೇ ಅಂಟಿಕೊಂಡು ಬಿಡುತ್ತಿತ್ತು, ಮೇಲೆ ಬರುತ್ತಲೇ ಇರಲಿಲ್ಲ. ಆ ಒಂದು ಕ್ಷಣ ಎಡಗಾಲಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ.

ಟರ್ಬೊ 350 ಹಾಕಿದ ಮೊದಲ ದಿನ ಅಳು ಬರೋದೊಂದು ಬಾಕಿ. 13.7! ಕಾರಣ ಗೇರ್‌ಬಾಕ್ಸಲ್ಲ, ಅದರ ಮುಂದಿನ ಟಾರ್ಕ್ ಕನ್ವರ್ಟರ್. ಕ್ಲಚ್ಚಿನ ಬದಲು ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ದಾಟಿಸುವ ಭಾಗ ಅದು. ಮಾಮೂಲಿ ಕನ್ವರ್ಟರ್ 1,800 ಸುತ್ತಿಗೇ ಹಿಡಿದುಕೊಳ್ಳುತ್ತದೆ. ನನ್ನ ಎಂಜಿನ್ನಿನ ವಾಲ್ವ್ ಆಡಿಸುವ ಕ್ಯಾಮ್‌ಗೆ ಆ ಮಟ್ಟದಲ್ಲಿ ಉಸಿರೇ ಇಲ್ಲ, ಎತ್ತು ಏಳುವ ಮೊದಲೇ ನೊಗ ಬಿಗಿದ ಹಾಗೆ. 3,000 ಸುತ್ತಿನ ಕನ್ವರ್ಟರ್ ಹಾಕಿದ ಮೇಲೆ ಗಾಡಿಯೇ ಬೇರೆ. ಎಡಗಾಲಿನಲ್ಲಿ ಬ್ರೇಕ್ ಅದುಮಿ, ಬಲಗಾಲಿನಲ್ಲಿ 2,000ಕ್ಕೆ ಏರಿಸಿ, ಮೂರನೇ ಹಳದಿ ಕಂಡ ಕೂಡಲೇ ಎಡಗಾಲು ಎತ್ತುವುದು. ಅಷ್ಟೇ ಕೆಲಸ. ಅದಕ್ಕಿಂತ ಹೆಚ್ಚು ಏರಿಸಿದರೆ ನನ್ನ ಹಿಂದಿನ ಡ್ರಮ್ ಬ್ರೇಕು ತಡೆಯುವುದಿಲ್ಲ, ಗಾಡಿ ಹಸಿರಿಗೆ ಮೊದಲೇ ಮುಂದಕ್ಕೆ ತೆವಳಿ, ತಪ್ಪು ಅನ್ನುವ ಕೆಂಪು ದೀಪ ಹತ್ತಿಸುತ್ತದೆ. ಗೇರ್ ಬದಲಾಗುವ ಸುತ್ತನ್ನು ಗವರ್ನರ್ ಸ್ಪ್ರಿಂಗ್ ಬದಲಿಸಿ 5,400ಕ್ಕೆ ಕೂರಿಸಿದ್ದೇನೆ. ‘ಡಿ’ಯಲ್ಲಿಟ್ಟು ಸ್ಟಿಯರಿಂಗ್ ಹಿಡಿದುಕೊಂಡರಾಯಿತು.

ಒಳ್ಳೆಯ ಸಮಯ 13.06. ಮನ್ಸಿಗಿಂತ ನಿಧಾನ. ಕೊನೆಯ ವೇಗದಲ್ಲೂ ಒಂದೂವರೆ ಮೈಲಿ ಕಡಿಮೆ, ಕನ್ವರ್ಟರ್ ಜಾರುವಿಕೆಯಲ್ಲಿ ಸ್ವಲ್ಪ ಬಲ ಬಿಸಿಯಾಗಿ ಹೋಗುತ್ತದೆ. ಆ ಬಿಸಿಗೆ ಅಂತಲೇ ಬೇರೆ ಆಯಿಲ್ ಕೂಲರ್ ಬೇಕು, ಅದನ್ನು ಬಿಟ್ಟರೆ ಕೆಡುತ್ತೀರಿ. ಆದರೆ ಒಂದು ಶನಿವಾರದ ಏಳು ಓಟ ನೋಡಿ: 13.06, 13.09, 13.08, 13.11, 13.07, 13.10, 13.08. ಮನ್ಸಿಯಲ್ಲಿ ಅರ್ಧ ಸೆಕೆಂಡ್ ಹರಡಿಕೊಂಡಿದ್ದ ಓಟಗಳು ಇಲ್ಲಿ ಒಂದು ಹಿಡಿಯೊಳಗೆ ಬಂದವು.

ಅದು ಯಾಕೆ ಮುಖ್ಯ ಅಂದರೆ, ನಮ್ಮಂಥವರು ಓಡುವುದು ಬ್ರ್ಯಾಕೆಟ್ ರೇಸ್. ಇಬ್ಬಿಬ್ಬರಾಗಿ ಓಡಿ, ಗೆದ್ದವನು ಮುಂದಿನ ಸುತ್ತಿಗೆ. ನಿಮ್ಮ ಗಾಡಿ ಎಷ್ಟು ಹೊತ್ತಿನಲ್ಲಿ ಓಡುತ್ತದೆ ಅಂತ ನೀವೇ ಮೊದಲು ಗಾಜಿನ ಮೇಲೆ ಬಿಳಿ ಶೂ ಪಾಲಿಶಿನಲ್ಲಿ ಬರೆಯಬೇಕು. ಇಬ್ಬರು ಬರೆದದ್ದಕ್ಕೆ ಎಷ್ಟು ವ್ಯತ್ಯಾಸವೋ ನಿಧಾನದ ಗಾಡಿಗೆ ಅಷ್ಟು ಮುಂಚೆ ಹಸಿರು ಸಿಗುತ್ತದೆ. ಬರೆದದ್ದಕ್ಕಿಂತ ಬೇಗ ಓಡಿದರೆ ಸೋತಿರಿ. ಹದಿನೈದು ಸೆಕೆಂಡಿನ ಪಿಕಪ್ ಲಾರಿ ಹತ್ತು ಸೆಕೆಂಡಿನ ಹುಲಿಯನ್ನು ಸೋಲಿಸುವುದು ಹೀಗೆ. ಹೆಂಡತಿ ಕಿಟಕಿ ಪಕ್ಕ ಶೂ ಪಾಲಿಶ್ ಹಿಡಿದು ನಿಂತು ಕೇಳುತ್ತಿದ್ದಳು: “ರೀ, ಈ ಸಲ ಎಷ್ಟು ಸುಳ್ಳು ಬರೀಲಿ?” ಮನ್ಸಿ ಇದ್ದಾಗ ಅದು ಸುಳ್ಳೇ. 13.10 ಬರೆದರೆ 12.98 ಓಡಿ ಸೋಲುತ್ತಿದ್ದೆ, 12.95 ಬರೆದರೆ 13.3. ಎರಡು ಬೇಸಿಗೆಯಲ್ಲಿ ಮೂರನೇ ಸುತ್ತು ಕಂಡದ್ದು ಒಂದೇ ಸಲ. ಟರ್ಬೊ ಬಂದ ಮೇಲೆ ಒಂದು ಭಾನುವಾರ ಐದನೇ ಸುತ್ತಿನವರೆಗೆ ಹೋದೆ. ಅಲ್ಲಿ ಸೋತದ್ದು ಗಾಡಿಯಿಂದಲ್ಲ, ದೀಪ ನೋಡುತ್ತಾ ನಿದ್ದೆ ಮಾಡಿದ ನನ್ನಿಂದ.

ಟೈರಿನ ಕಥೆ ಇದರ ಜೊತೆಗೇ ಹೆಣೆದುಕೊಂಡಿದೆ. ನಾನು ಮಾಡಿದ ದೊಡ್ಡ ತಪ್ಪೂ ಇಲ್ಲೇ. ಟೈರನ್ನೂ ಗೇರ್‌ಬಾಕ್ಸನ್ನೂ ಬೇರೆ ಬೇರೆಯಾಗಿ ತೂಗಿದೆ. ಜಾತಕ ಕೂಡಿಸಿ ನೋಡಬೇಕಿತ್ತು.

ಮೊದಲ ಬೇಸಿಗೆ ಮನ್ಸಿಗೆ ರಸ್ತೆಗೂ ನಡೆಯುವ ರೇಸ್ ಟೈರು, ಡ್ರ್ಯಾಗ್ ರೇಡಿಯಲ್ ಹಾಕಿದ್ದೆ, 235/60, ಹದಿನೈದು ಇಂಚಿನ ರಿಮ್ಮು. ಕ್ಲಚ್ಚಿನ ಒಂದೇ ಏಟಿಗೆ ರೇಡಿಯಲ್ ಹಿಡಿತ ಬಿಟ್ಟುಬಿಡುತ್ತದೆ, ಬಿಟ್ಟ ಮೇಲೆ ಮತ್ತೆ ಹಿಡಿಯುವುದಿಲ್ಲ. ನೋವಾಗೆ ಹಿಂದೆ ಲಾರಿಗಿದ್ದ ಹಾಗೆ ಪಟ್ಟಿ ಸ್ಪ್ರಿಂಗು. ಅದು ಸುತ್ತಿಕೊಂಡು ಬಿಚ್ಚಿಕೊಂಡು ಇಡೀ ಹಿಂಭಾಗ ಕುದುರೆಯಂತೆ ಕುಣಿಯಿತು. 60 ಅಡಿಗೆ 2.3. ಎರಡನೇ ಬೇಸಿಗೆ ಗೀರೇ ಇಲ್ಲದ ರೇಸ್ ಟೈರು, ಬಯಾಸ್ ಪ್ಲೈ ಸ್ಲಿಕ್ ತಂದೆ, 26 ಇಂಚು ಎತ್ತರ, ಗಾಳಿ ಬರೇ 13 ಪೌಂಡ್. ಸ್ಲಿಕ್ಕಿನ ಪಕ್ಕದ ಗೋಡೆ ಹೊರಡುವಾಗ ಹಳೇ ಚಾಪೆಯ ಹಾಗೆ ಸುಕ್ಕುಗಟ್ಟುತ್ತದೆ, ಕ್ಲಚ್ಚಿನ ಹೊಡೆತವನ್ನು ಆ ಸುಕ್ಕೇ ನುಂಗಿಕೊಳ್ಳುತ್ತದೆ. ಗೆಳೆಯ ತೆಗೆದ ವಿಡಿಯೊ ನಿಧಾನ ಮಾಡಿ ನೋಡಿದಾಗಲೇ ನನಗೆ ಇದು ಅರ್ಥವಾದದ್ದು. 12.94 ಬಂದದ್ದು ಆ ಟೈರಿನಲ್ಲೇ.

ಆದರೆ ಸ್ಲಿಕ್ಕು ರಸ್ತೆಗೆ ಇಳಿಸುವ ಹಾಗಿಲ್ಲ. ಒಂದನ್ನು ಡಿಕ್ಕಿಯಲ್ಲಿ, ಇನ್ನೊಂದನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಅಲ್ಲಿ ಜಾಕ್ ಕೊಟ್ಟು ಬದಲಿಸಬೇಕು. 13.99 ಅಥವಾ ಅದಕ್ಕಿಂತ ಬೇಗ ಓಡುವ ಗಾಡಿಗೆ ಹೆಲ್ಮೆಟ್ ಹೇಗೂ ಕಡ್ಡಾಯ. ಸ್ಲಿಕ್ ಹಾಕಿದರೆ ಅದರ ಜೊತೆಗೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಡ್ರೈವ್‌ಶಾಫ್ಟ್ ಸುತ್ತ ಕಬ್ಬಿಣದ ಬಳೆಯೂ ಬೇಕು ಅನ್ನುತ್ತದೆ ಇಲ್ಲಿನ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮ. ಸುಮ್ಮನೆ ಖರ್ಚು ಅಂತ ಗೊಣಗಿಕೊಂಡೇ ಹಾಕಿಸಿದ್ದೆ. ಸೆಪ್ಟೆಂಬರಿನಲ್ಲಿ ಕ್ರಾಸ್ ಜಾಯಿಂಟ್ ಮುರಿದು ಶಾಫ್ಟು ಕಳಚಿದಾಗ ಆ ಬಳೆಯೇ ಅದನ್ನು ಹಿಡಿದುಕೊಂಡಿತು. ಆಮೇಲೆ ಗೊಣಗಿಲ್ಲ.

ಟರ್ಬೊಗೆ ಲೆಕ್ಕ ತಿರುವುಮುರುವು. ಕನ್ವರ್ಟರ್ ತಾನೇ ಮೆತ್ತಗೆ ತಳ್ಳುವುದರಿಂದ ಸುಕ್ಕಿನ ಸಹಾಯ ಬೇಕಿಲ್ಲ. ಅದೇ ರೇಡಿಯಲ್ಲಿಗೆ 18 ಪೌಂಡ್ ಗಾಳಿ ಇಟ್ಟರೆ 60 ಅಡಿಗೆ 1.90, 1.91, 1.90. ಸ್ಲಿಕ್ಕಿನಲ್ಲಿ ಇದಕ್ಕಿಂತ ಚೂರೂ ಬೇಗ ಬರಲಿಲ್ಲ, ಮೇಲಾಗಿ 100 ಮೈಲಿ ವೇಗದಲ್ಲಿ ಹಿಂಭಾಗ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ರೇಡಿಯಲ್ಲಿಗೆ ಬರ್ನ್‌ಔಟ್ (ಟೈರನ್ನು ನಿಂತಲ್ಲೇ ತಿರುಗಿಸಿ ಬಿಸಿ ಮಾಡುವುದು) ಕೂಡ ಹೆಚ್ಚು ಬೇಕಿಲ್ಲ, ಹೊಗೆ ಕಾಣಿಸಿದ ಕೂಡಲೇ ಬಿಟ್ಟರೆ ಸಾಕು. ಬರ್ನ್‌ಔಟಿಗೆ ಅಂತ ನೀರು ಹಾಕಿದ ಜಾಗದ ಮೇಲೆ ಮಾತ್ರ ಹೋಗಬೇಡಿ, ಪಕ್ಕದಿಂದ ಸುತ್ತಿ ಬನ್ನಿ. ಟೈರಿನ ಗೀರುಗಳಲ್ಲಿ ಕೂತ ನೀರು ಗೆರೆಯವರೆಗೂ ಬಂದು ಸುರಿಯುತ್ತದೆ, ನಿಮಗೂ ಜಾರುತ್ತದೆ, ಹಿಂದೆ ಬರುವವನಿಂದ ಬೈಗುಳವೂ ಸಿಗುತ್ತದೆ.

ಕಾರ್ಬುರೇಟರಾ, ಇಎಫ್‌ಐಯಾ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಅನ್ನುವುದಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. 650ರ ಡಬಲ್ ಪಂಪರ್ ಕಾರ್ಬುರೇಟರ್ ಮೂರು ವರ್ಷ ಓಡಿಸಿದೆ, ನಾಲ್ಕನೇ ವರ್ಷ ಅದೇ ಜಾಗಕ್ಕೆ ಕೂರುವ ಥ್ರಾಟಲ್ ಬಾಡಿ ಇಎಫ್‌ಐ ತಂದೆ. ಟ್ರ್ಯಾಕಿನಲ್ಲಿ ಸಮಯ ಬದಲಾಗಲಿಲ್ಲ. ಏಪ್ರಿಲ್ ಚಳಿಯಲ್ಲಿ ಒಂದೇ ಕೀಲಿಗೆ ಸ್ಟಾರ್ಟ್ ಆಗುವ ಸುಖ ಇಎಫ್‌ಐಯದ್ದು, ಅದನ್ನು ಅಲ್ಲಗಳೆಯಲಾರೆ. ಆದರೆ ತಾನೇ ಕಲಿಯುವ ಬುದ್ಧಿವಂತ ಅದು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಪೆಟ್ರೋಲಿನ ಅಳತೆ ತಿದ್ದಿಕೊಂಡು, ನಾನು ಗಾಜಿನ ಮೇಲೆ ಬರೆದದ್ದನ್ನೇ ಸುಳ್ಳು ಮಾಡುತ್ತಿತ್ತು. ಕಲಿಯುವುದನ್ನು ಬಂದ್ ಮಾಡಿದ ಮೇಲೆ ಸರಿಹೋಯಿತು. ಹಾಗಾದರೆ ಅಷ್ಟು ದುಡ್ಡು ಕೊಟ್ಟದ್ದು ಯಾಕೆ ಅಂತ ಹೆಂಡತಿ ಕೇಳಿದಳು, ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಅಳತೆ ನಿರ್ಧರಿಸುವ ಜೆಟ್ಟನ್ನು ಇಪ್ಪತ್ತು ನಿಮಿಷಕ್ಕೆ ಬದಲಿಸಬಹುದು. ಈಗ ಮತ್ತೆ ಅದೇ ಕೂತಿದೆ.

ಖರ್ಚು: ಮನ್ಸಿ, ಕ್ಲಚ್, ಪೆಡಲ್ ಜೋಡಣೆ ಎಲ್ಲ ಸೇರಿ ನನಗೆ 2,600 ಡಾಲರ್ ಬಿತ್ತು. ಟರ್ಬೊ, ಕನ್ವರ್ಟರ್, ಕೂಲರ್ ಸೇರಿ 1,500. ಮನ್ಸಿಯ ಬೆಲೆ ಇಳಿಯುವುದು ನಾನಂತೂ ನೋಡಿಲ್ಲ, ಟರ್ಬೊ ಗುಜರಿಯಲ್ಲೂ ಸಿಗುತ್ತದೆ.

ಗೆಳೆಯರಿಬ್ಬರಿಗೆ ಕೊಟ್ಟ ಉತ್ತರ ಹೀಗೆ. ಸುತ್ತು ಗೆಲ್ಲಬೇಕು, ಗಾಡಿ ಓಡಿಸಿಕೊಂಡೇ ಮನೆಗೆ ಬರಬೇಕು ಅನ್ನುವವನಿಗೆ ಟರ್ಬೊ, 3,000ದ ಕನ್ವರ್ಟರ್, ರೇಡಿಯಲ್, ಕಾರ್ಬುರೇಟರ್. ಚೀಟಿಯಲ್ಲಿ ಒಂದೇ ಒಂದು ಒಳ್ಳೆಯ ಅಂಕಿ ಸಾಕು, ಮಿಕ್ಕ ದಿನ ಸೋತರೂ ಪರವಾಗಿಲ್ಲ ಅನ್ನುವವನಿಗೆ ಮನ್ಸಿ, ಸ್ಲಿಕ್ಕು, ಡಬ್ಬದ ತುಂಬ ಪುಶ್‌ರಾಡು. ಮನ್ಸಿಗೆ ರೇಡಿಯಲ್ ಮಾತ್ರ ಯಾರೂ ಹಾಕಬೇಡಿ.

ನನ್ನ ಗಾಡಿಯಲ್ಲಿ ಈಗ ಟರ್ಬೊ ಇದೆ. ಮನ್ಸಿ ಗ್ಯಾರೇಜಿನ ಮೂಲೆಯಲ್ಲಿ ಆಯಿಲ್ ಬಸಿದು ಹಲಗೆಯ ಮೇಲೆ ಕೂತಿದೆ. ಅದರ ಕಡ್ಡಿ ಬರುತ್ತಿದ್ದ ತೂತನ್ನು ವೆಲ್ಡ್ ಮಾಡಿಸಿ ಮುಚ್ಚಿಬಿಡಿ ಅಂತ ಹೆಂಡತಿ ಎರಡು ವರ್ಷದಿಂದ ಹೇಳುತ್ತಿದ್ದಾಳೆ, ಕಾಲಿಗೆ ಬಿಸಿಗಾಳಿ ಹೊಡೆಯುತ್ತದಂತೆ. ತಗಡು ಇಟ್ಟು ನಾಲ್ಕು ಸ್ಕ್ರೂ ಬಿಗಿದಿದ್ದೇನೆ, ಅಷ್ಟೇ.