ಕೋರ್ಟ್ ಕೇಸ್ ನಂಬಿ ಷೇರು ತಗೋಬೇಡಿ, ನಾನು ತಗೊಂಡು ಕೆಟ್ಟೆ

ಕಳೆದ ವಾರ ನನ್ನ ಭಾವಮೈದ ಫೋನ್ ಮಾಡಿದ್ದ. ಯಾವುದೋ ಸಣ್ಣ ಕಂಪನಿ ದೊಡ್ಡ ಕಂಪನಿ ಮೇಲೆ ಕೇಸ್ ಹಾಕಿದೆಯಂತೆ, ಗೆದ್ದರೆ ಷೇರು ಎಲ್ಲಿಗೋ ಹೋಗುತ್ತಂತೆ. "ಭಾವ, ತಗೊಳ್ಳಲಾ?" ಅಂದ. ಮೈಯೆಲ್ಲಾ ಉರಿಯಿತು. ಅವನ ಮೇಲಲ್ಲ, ನನ್ನ ಮೇಲೆ. ಮನೆಯವರಿಗೂ ಪೂರ್ತಿ ಹೇಳದ ಕಥೆ ಇದು.

2003. ನ್ಯೂಜೆರ್ಸಿಯಲ್ಲಿ ಯುನಿಕ್ಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಹೌದು, ಯುನಿಕ್ಸ್ ಕೆಲಸದವನೇ! ಆ ಮಾರ್ಚ್‌ನಲ್ಲಿ ಯೂಟಾ ರಾಜ್ಯದ ಎಸ್‌ಸಿಒ ಅನ್ನೋ ಸಾಫ್ಟ್‌ವೇರ್ ಕಂಪನಿ ಐಬಿಎಂ ಮೇಲೆ ದಾವೆ ಹಾಕಿತು. ಯುನಿಕ್ಸ್ ಹಕ್ಕು ನಮ್ಮದು, ಅದರ ಕೋಡನ್ನು ಐಬಿಎಂ ಲಿನಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್‌ಗೆ ಸುರಿದಿದೆ ಅಂತ ದೂರು. ಮೊದಲು 100 ಕೋಟಿ ಡಾಲರ್ ಕೇಳಿದರು, ಜೂನ್‌ಗೆ 300 ಕೋಟಿ. ಲಿನಕ್ಸ್ ಬಳಸುವವರೂ ಪ್ರೊಸೆಸರ್‌ಗೆ 699 ಡಾಲರ್ ಕೊಡಿ ಅಂದರು. ವರ್ಷದ ಮೊದಲಿಗೆ ಕಡ್ಲೆಕಾಯಿ ರೇಟಿಗಿದ್ದ ಷೇರು ಅಕ್ಟೋಬರ್‌ನಲ್ಲಿ 20 ಡಾಲರ್ ದಾಟಿತು.

ದಸರಾ ಊಟದಲ್ಲಿ ಪಕ್ಕ ಕೂತಿದ್ದವರು ಒಬ್ಬ ಷೇರು ಸಲಹೆಗಾರರು. ನಮ್ಮ ಕನ್ನಡದವರೇ, ಹೆಸರು ಬೇಡ. ಬಿಸಿಬೇಳೆಬಾತ್ ತಿನ್ನುತ್ತಲೇ ನ್ಯಾಪ್ಕಿನ್ ಮೇಲೆ 300 ಕೋಟಿ ಬರೆದು, ಒಟ್ಟು ಷೇರುಗಳಿಂದ ಭಾಗಿಸಿ, ಬಂದ ಸಂಖ್ಯೆಗೆ ಎರಡು ಸಲ ಸುತ್ತು ಹಾಕಿದರು. ತುಪ್ಪದ ಕಲೆ ಸಮೇತ ಆ ನ್ಯಾಪ್ಕಿನ್ ಜೇಬಿಗಿಟ್ಟುಕೊಂಡು ಬಂದೆ ನಾನು. ಎಂಥಾ ಪೆದ್ದ!

ಎಸ್‌ಸಿಒಗಿಂತ ಮೊದಲು ಯುನಿಕ್ಸ್ ವ್ಯವಹಾರ ನಾವೆಲ್ ಅನ್ನೋ ಕಂಪನಿಯದಾಗಿತ್ತು. ಅದರ ಬಗ್ಗೆ ಕೇಳಲಿಲ್ಲ ಅಂತಲ್ಲ, ಕೇಳಿದೆ. "ಕಾಪಿರೈಟ್ ನಮ್ಮದು ಅಂತ ನಾವೆಲ್ ಕಂಪನಿ ಮೇ ತಿಂಗಳಲ್ಲೇ ಹೇಳಿದೆಯಲ್ಲಾ?" "ಅದು ಹಳೇ ಸುದ್ದಿ ಸಾರ್. ಮಾರಾಟದ ಒಪ್ಪಂದಕ್ಕೆ 1996ರಲ್ಲಿ ಮಾಡಿದ ತಿದ್ದುಪಡಿ ಪತ್ರ ಸಿಕ್ಕಿದ ಮೇಲೆ ಅವರು ಬಾಯಿ ಮುಚ್ಕೊಂಡಿದ್ದಾರೆ." ಮುಚ್ಚಿರಲಿಲ್ಲ. ನಾನು ನೋಡಲಿಲ್ಲ, ಅಷ್ಟೇ. 400 ಷೇರು ತಗೊಂಡೆ. ಸುಮಾರು 8,000 ಡಾಲರ್.

ಕೆಲವು ತಿಂಗಳ ಮೇಲೆ ಆಫೀಸ್ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ 1995ರ ಒಪ್ಪಂದದ ಪ್ರಿಂಟ್ ತಂದಿಟ್ಟ. ನಾವೆಲ್ ತನ್ನ ಯುನಿಕ್ಸ್ ವ್ಯವಹಾರ ಮಾರಿದ ಪತ್ರ, ಆ ವ್ಯವಹಾರವೇ ಮುಂದೆ ಎಸ್‌ಸಿಒ ಕೈಗೆ ಬಂದದ್ದು. ಕೊನೆಯಲ್ಲಿ ಮಾರಾಟಕ್ಕೆ ಸೇರದ ಆಸ್ತಿಗಳ ಪಟ್ಟಿ. ಬೆರಳಿಟ್ಟು ತೋರಿಸಿದ. ಎಲ್ಲಾ ಕಾಪಿರೈಟ್‌ಗಳೂ ಆ ಪಟ್ಟಿಯಲ್ಲಿದ್ದವು! ನನ್ನ ಕಾಫಿ ಆರಿಹೋಯಿತು. ಊರಲ್ಲಿ ಒಂದು ಸೈಟ್ ತಗೊಳ್ಳೋಕೆ ಮೂಲಪತ್ರ ಕೇಳಿ, 30 ವರ್ಷದ ಇಸಿ ತೆಗೆಸಿ, ವಕೀಲರಿಗೆ ತೋರಿಸಿದ್ದವನು ನಾನು. ಇಲ್ಲಿ ನೋಡಿದ್ದು ನ್ಯಾಪ್ಕಿನ್.

ಸಲಹೆಗಾರರಿಗೆ ಫೋನ್ ಮಾಡಿದೆ. "ತಿದ್ದುಪಡಿಯಲ್ಲಿ ಸರಿ ಮಾಡಿದ್ದಾರೆ ಸಾರ್, ತಾಳ್ಮೆ ಇರಲಿ." ಬೆಲೆ ಇಳಿಯಿತು. "ತಾಳ್ಮೆ ಸಾರ್." ಎಸ್‌ಸಿಒ 500 ಕೋಟಿ ಕೇಳಿದಾಗ ಅವರೇ ಫೋನ್ ಮಾಡಿ, "ಹೇಳಿರಲಿಲ್ವಾ?" 2007ರ ಆಗಸ್ಟ್ 10ರಂದು ನ್ಯಾಯಾಧೀಶ ಡೇಲ್ ಕಿಂಬಾಲ್ ಕಾಪಿರೈಟ್ ನಾವೆಲ್‌ನದೇ ಅಂದರು. ಅವತ್ತು ಸಲಹೆಗಾರರು ಫೋನ್ ಎತ್ತಲಿಲ್ಲ. ರಾತ್ರಿ ಒಂದೇ ಸಾಲು: "ಅಪೀಲ್ ಇದೆ ಸಾರ್." ಸೆಪ್ಟೆಂಬರ್‌ನಲ್ಲಿ ಎಸ್‌ಸಿಒ ದಿವಾಳಿ ಅರ್ಜಿ ಹಾಕಿತು. ನಾನು ಮಾರಿದಾಗ ಬಂದದ್ದು ಒಂದು ವಾರದ ದಿನಸಿಗೆ ಸಾಲುವ ದುಡ್ಡು. ಅಪೀಲ್‌ನಲ್ಲಿ ಆ ತೀರ್ಪು ತಿರುಗಿತು ನಿಜ, ಆದರೆ 2010ರಲ್ಲಿ ಜ್ಯೂರಿ ಕೂತು ಮತ್ತೆ ಹೇಳಿದ್ದೂ ಅದೇ, ನಾವೆಲ್‌ನದು ಅಂತ.

ಉರಿ ಇರೋದು ಅದಕ್ಕಲ್ಲ. ಆ ಮಹಾನುಭಾವರು ತಮ್ಮ ಷೇರನ್ನು ಅದೇ ಅಕ್ಟೋಬರ್‌ನಲ್ಲಿ ಮಾರಿದ್ದರಂತೆ! ಕೇಳಿದ್ದಕ್ಕೆ, "ಮಗಳ ಫೀಸ್ ಇತ್ತು ಸಾರ್."

ಭಾವಮೈದನಿಗೆ ಎರಡೇ ಮಾತು ಹೇಳಿದೆ. ಮೊದಲು ಒಪ್ಪಂದದ ಪತ್ರ ಓದು, ಮುಖ್ಯವಾಗಿ ಏನೇನು ಕೊಟ್ಟಿಲ್ಲ ಅನ್ನೋ ಭಾಗ. ಸಲಹೆ ಕೊಟ್ಟವರು ಆ ಷೇರು ಇನ್ನೂ ಇಟ್ಟುಕೊಂಡಿದ್ದಾರಾ ಅಂತ ಕೇಳು, ಬಾಯಿ ಮಾತಲ್ಲ, ಸ್ಟೇಟ್‌ಮೆಂಟ್ ತೋರಿಸಲಿ.

2021ರಲ್ಲಿ ಐಬಿಎಂ 1 ಕೋಟಿ 42.5 ಲಕ್ಷ ಡಾಲರ್ ಕೊಟ್ಟು ಕೇಸ್ ಮುಗಿಸಿಕೊಂಡಿತು. ದುಡ್ಡು ದಿವಾಳಿ ನೋಡಿಕೊಳ್ಳುತ್ತಿದ್ದ ಟ್ರಸ್ಟಿ ಕೈಗೆ. ಅವತ್ತು ಎಷ್ಟೋ ವರ್ಷದ ಮೇಲೆ ಆ ಸಲಹೆಗಾರರಿಂದ ಮೆಸೇಜ್ ಬಂತು. "ನೋಡಿದ್ರಾ ಸಾರ್, ಕೊನೆಗೂ ಐಬಿಎಂ ದುಡ್ಡು ಬಿಚ್ತು!" ಜೊತೆಗೊಂದು ನಗುಮುಖ.