ಸರ್ಚ್, ಶೇರ್, ಇಮೇಲ್: ಬ್ಲಾಗಿಗೆ ಓದುಗರು ಬರುವ ಮೂರು ದಾರಿಗಳು

ಬ್ಲಾಗಿಗೆ ಓದುಗರನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಎಂದು ಕೇಳಿದರೆ ಎಲ್ಲರೂ ಹೇಳುವುದು ಹೆಚ್ಚುಕಡಿಮೆ ಒಂದೇ: ಸರ್ಚ್‌ನಲ್ಲಿ ಮೇಲೆ ಬರುವಂತೆ ಬರೆಯಿರಿ, ಸಾಮಾಜಿಕ ಜಾಲತಾಣಗಳಲ್ಲಿ ಹಂಚಿ, ಇಮೇಲ್ ಪಟ್ಟಿ ಕಟ್ಟಿ. ಮೂರನ್ನೂ ಒಟ್ಟಿಗೆ ಮಾಡಿ ಎನ್ನುತ್ತಾರೆ. ಕೆಲಸ, ಮನೆ ಎಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಬರೆಯುವವರಿಗೆ ಅದು ಆಗದ ಮಾತು. ಹಾಗಾಗಿ ಒಂದೊಂದನ್ನೇ ಬೇರೆಬೇರೆಯಾಗಿ ಹಿಡಿದು, ಫಲ ಕಾಣುವಷ್ಟು ಕಾಲ ಬಿಡದೆ ನೋಡಿದೆ. ನನ್ನ ಬ್ಲಾಗಿನಲ್ಲಿ ಸೈಕಲ್ ರಿಪೇರಿಯ ಟಿಪ್ಪಣಿಗಳಿವೆ, ಓದಿದ ಪುಸ್ತಕಗಳ ಬಗ್ಗೆ ಬರಹಗಳಿವೆ, ಮನೆಯ ಹಿರಿಯರ ನೆನಪುಗಳಿವೆ. ಈ ಬೆರಕೆ ಹೋಲಿಕೆಗೆ ಅನುಕೂಲವೇ ಆಯಿತು. ಯಾವ ದಾರಿಯಲ್ಲಿ ಯಾವ ಬರಹ ಮುಂದೆ ಹೋಗುತ್ತದೆ, ಯಾವುದು ಅಲ್ಲೇ ನಿಲ್ಲುತ್ತದೆ ಎಂಬುದು ಬೇಗ ಕಾಣಿಸಿತು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ದಾರಿಯಲ್ಲಿ ಎಷ್ಟು ಜನ ಬಂದರು ಎಂಬುದಕ್ಕಿಂತ, ಆ ದಾರಿ ನನ್ನ ಬರವಣಿಗೆಯನ್ನು ಯಾವ ಕಡೆಗೆ ಎಳೆಯಿತು ಎಂಬುದೇ ನನಗೆ ಮುಖ್ಯವಾಗಿ ಕಂಡಿತು. ಓದುಗರನ್ನು ತರುವ ಪ್ರತಿಯೊಂದು ದಾರಿಯೂ ಬರೆಯುವವರಿಂದ ಏನನ್ನೋ ಕೇಳುತ್ತದೆ.

ಸರ್ಚ್

ಮೂರರಲ್ಲಿ ತಾಳ್ಮೆಯನ್ನು ಹೆಚ್ಚು ಕೇಳುವುದು ಇದು. ಬರೆದು ಪ್ರಕಟಿಸಿದ ಮೇಲೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬರತೊಡಗುತ್ತಾರೆ, ನಾವು ಏನೂ ಮಾಡದಿದ್ದರೂ ಬರುತ್ತಲೇ ಇರುತ್ತಾರೆ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನವನ್ನು ಬ್ಲಾಗಿಗೆ ಜೋಡಿಸಿದರೆ, ಜನ ಯಾವ ಮಾತು ಟೈಪ್ ಮಾಡಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಕ್ಲಿಕ್ ಮಾಡಿದರು ಎಂಬ ಹಿಂದಿನ 16 ತಿಂಗಳ ಮಾಹಿತಿ ಸಿಗುತ್ತದೆ. ಈ ಹೋಲಿಕೆಯಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಆ ಪುಟದಿಂದ.

ಅಲ್ಲಿ ಕಂಡದ್ದು ಇಷ್ಟು. ಸೈಕಲ್ ಚೈನ್ ಸವೆದಿದೆಯೇ ಎಂದು ತಿಳಿಯುವುದು ಹೇಗೆ ಎಂಬ ನನ್ನ ಸಣ್ಣ ಟಿಪ್ಪಣಿ ಉಳಿದೆಲ್ಲ ಬರಹಗಳನ್ನೂ ಹಿಂದೆ ಹಾಕಿತ್ತು. ಚೈನಿನ ಎರಡು ಪಿನ್‌ಗಳ ನಡುವೆ ಅರ್ಧ ಇಂಚು ಅಂತರ. 24 ಕೊಂಡಿ ಅಳೆದರೆ 12 ಇಂಚು ಬರಬೇಕು. ಅದಕ್ಕಿಂತ ಒಂದಿಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನ್ ಬದಲಿಸುವ ಕಾಲ ಬಂದಿದೆ. ಇಷ್ಟೇ ಅದರ ತಿರುಳು. ಬಂದವರು ಓದುತ್ತಾರೆ, ಸ್ಕೇಲ್ ಹಿಡಿದು ಅಳೆಯುತ್ತಾರೆ, ಹೋಗುತ್ತಾರೆ. ಅವರಿಗೆ ಉಪಕಾರವಾಯಿತು, ಅದು ನನಗೆ ನಿಜವಾದ ಸಂತೋಷ. ಆದರೆ ಪುಟದ ಮೇಲಿರುವ ಹೆಸರನ್ನು ಅವರಲ್ಲಿ ಹೆಚ್ಚಿನವರು ನೋಡಿರುವುದಿಲ್ಲ.

ಇನ್ನು ನೆನಪಿನ ಬರಹಗಳ ವಿಷಯ. ನನ್ನ ಅಜ್ಜಿಯನ್ನು ಯಾರೂ ಸರ್ಚ್ ಮಾಡುವುದಿಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರವಾಗಿ ಹುಟ್ಟುವ ಬರಹಗಳಿಗೆ ಈ ದಾರಿಯಲ್ಲಿ ಜಾಗ ಬಹಳ ಕಡಿಮೆ. ಸರ್ಚ್ ಕೇಳುವುದು ಪ್ರಶ್ನೆಯ ಆಕಾರದ ಶೀರ್ಷಿಕೆ ಮತ್ತು ಮೊದಲ ಪ್ಯಾರಾದಲ್ಲೇ ಉತ್ತರ. ರಿಪೇರಿ ಟಿಪ್ಪಣಿಗಳಿಗೆ ಆ ಶಿಸ್ತು ಒಳ್ಳೆಯದನ್ನೇ ಮಾಡಿತು, ಸುತ್ತಿ ಬಳಸಿ ಹೇಳುವುದು ತಪ್ಪಿತು. ಪುಸ್ತಕಗಳ ಬಗೆಗಿನ ಬರಹಕ್ಕೆ ಅದೇ ಶಿಸ್ತು ಹೊಂದಲಿಲ್ಲ. ಯೋಚನೆ ಮಾಡುತ್ತ ಮಾಡುತ್ತ ಒಂದು ಅಭಿಪ್ರಾಯಕ್ಕೆ ಬಂದು ನಿಲ್ಲುವ ಬರಹವನ್ನು ತಲೆಕೆಳಗಾಗಿಸಿ, ಅಭಿಪ್ರಾಯವನ್ನೇ ಮೊದಲು ಹೇಳಿದರೆ ಅದರ ಜೀವ ಹೋಗುತ್ತದೆ.

ಸರ್ಚ್‌ನ ನಿಯಮಗಳು ನಮ್ಮ ಕೈಯಲ್ಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಓದುಗರಿಗಾಗಿ ಬರೆದದ್ದನ್ನು ಮೇಲೆ ತರಲು, ಸರ್ಚ್‌ಗಾಗಿಯೇ ಬರೆದದ್ದನ್ನು ಕೆಳಗಿಳಿಸಲು ಗೂಗಲ್ 2022ರ ಆಗಸ್ಟ್‌ನಲ್ಲಿ ಒಂದು ದೊಡ್ಡ ಬದಲಾವಣೆ ತಂದಿತು. 2024ರ ಮೇ ತಿಂಗಳಲ್ಲಿ, ಮೊದಲು ಅಮೆರಿಕದಲ್ಲಿ, ಹುಡುಕಾಟದ ಫಲಿತಾಂಶಗಳ ಮೇಲೆ ಎಐ ಬರೆದ ಸಾರಾಂಶ ಕಾಣಿಸತೊಡಗಿತು. ಉತ್ತರ ಅಲ್ಲೇ ಸಿಕ್ಕರೆ ಓದುಗರು ಪುಟದವರೆಗೆ ಬರುವ ಅಗತ್ಯವೇ ಇರುವುದಿಲ್ಲ. ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಮಾಹಿತಿಗೆ ಇದರ ಪೆಟ್ಟು ಹೆಚ್ಚು.

ಜಾಲತಾಣಗಳಲ್ಲಿ ಹಂಚಿಕೆ

ಇದರದ್ದು ಸರಿಯಾಗಿ ಉಲ್ಟಾ ಸ್ವಭಾವ. ಸರ್ಚ್‌ನಲ್ಲಿ ಕದಲದೆ ಕೂತಿದ್ದ ಅಜ್ಜಿಯ ಬರಹ ಇಲ್ಲಿ ಒಂದೇ ಸಂಜೆಯಲ್ಲಿ ಎಲ್ಲೆಲ್ಲೋ ಹೋಯಿತು. ನೋಡುನೋಡುತ್ತಿದ್ದಂತೆ ಅಂಕಿ ಏರುವಾಗ ಆಗುವ ಹಿಗ್ಗನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದೆರಡು ದಿನ ಕಳೆದ ಮೇಲೆ ಆ ಬರಹದ ಕಡೆ ಯಾರೂ ತಿರುಗಿ ನೋಡಲಿಲ್ಲ. ಬಂದವರು ಪಕ್ಕದಲ್ಲೇ ಇದ್ದ ಇನ್ನೊಂದು ಬರಹವನ್ನು ತೆರೆದದ್ದೂ ಅಪರೂಪ.

ಕಾರಣ ಸರಳ. ಜಾಲತಾಣಕ್ಕೆ ತನ್ನ ಬಳಕೆದಾರರು ತನ್ನಲ್ಲೇ ಇರಬೇಕು, ನಮ್ಮ ಲಿಂಕ್ ಅವರನ್ನು ಹೊರಗೆ ಕರೆಯುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಚಿತ್ರದ ಕೆಳಗಿನ ಬರಹದಲ್ಲಿ ಲಿಂಕ್ ಹಾಕಿದರೆ ಅದು ಕ್ಲಿಕ್ ಆಗುವುದೇ ಇಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್, ಪೇಜ್‌ಗಳ ಪೋಸ್ಟ್‌ಗಳಿಗಿಂತ ಗೆಳೆಯರ ಮತ್ತು ಕುಟುಂಬದವರ ಪೋಸ್ಟ್‌ಗಳಿಗೆ ಆದ್ಯತೆ ಕೊಡುವುದಾಗಿ ತಾನೇ ಪ್ರಕಟಿಸಿತು. ಬ್ಲಾಗಿಗಾಗಿ ಪೇಜ್ ಕಟ್ಟಿ ಜನ ಸೇರಿಸಿದವರಿಗೆ ಇದರರ್ಥ, ಸೇರಿಸಿದ ಜನರನ್ನು ತಲುಪುವುದು ಕೂಡ ಇನ್ನೊಬ್ಬರ ಮರ್ಜಿ ಎಂದು.

ನನಗೆ ಹೆಚ್ಚು ಬೇಸರ ತಂದದ್ದು ಪ್ರತಿಕ್ರಿಯೆಗಳು ಚದುರಿಹೋಗುವುದು. ಒಳ್ಳೆಯ ಚರ್ಚೆ ಜಾಲತಾಣದಲ್ಲಿ ನಡೆಯುತ್ತದೆ, ಬರಹದ ಕೆಳಗೆ ಏನೂ ಉಳಿಯುವುದಿಲ್ಲ. ತಿಂಗಳ ನಂತರ ಹುಡುಕಿದರೆ ಸಿಗುವುದೂ ಇಲ್ಲ. ಶೀರ್ಷಿಕೆ ಮತ್ತು ಚಿತ್ರ ನೋಡಿಯೇ ಅಭಿಪ್ರಾಯ ಬರೆದವರು ಎಷ್ಟೋ ಮಂದಿ. ಹೀಗಿರುವಾಗ ಬರೆಯುವ ಕೈ ತಾನಾಗಿಯೇ ಮೊದಲ ಮೂರು ಸಾಲಿನ ಕಡೆ ವಾಲುತ್ತದೆ. ಅಲ್ಲಿ ಕಣ್ಣೀರು ಬರಬೇಕು ಇಲ್ಲವೇ ಸಿಟ್ಟು ಬರಬೇಕು. ಈ ಎಳೆತವನ್ನು ನಾನು ಒಪ್ಪುವುದಿಲ್ಲ. ಹಿರಿಯರ ನೆನಪನ್ನು ಲೈಕ್‌ಗಾಗಿ ತಿದ್ದುವುದು ಅವರಿಗೆ ಮಾಡುವ ಅನ್ಯಾಯ.

ವಾಟ್ಸಾಪ್ ಬೇರೆಯೇ ಲೋಕ. ಬರಹ ಇಷ್ಟವಾದರೆ ಜನ ಲಿಂಕ್ ಕಳಿಸುವುದಿಲ್ಲ, ಪೂರ್ತಿ ಬರಹವನ್ನು ಕಾಪಿ ಮಾಡಿ ಕಳಿಸುತ್ತಾರೆ. ಮುಂದೆ ಹೋದಂತೆ ಬರೆದವರ ಹೆಸರು ಬಿದ್ದುಹೋಗುತ್ತದೆ. ನನ್ನದೇ ಬರಹ ಹೆಸರಿಲ್ಲದೆ ನನಗೇ ಬಂದಿದೆ. ಹೆಸರನ್ನೂ ಬ್ಲಾಗಿನ ವಿಳಾಸವನ್ನೂ ಕೊನೆಯ ಪ್ಯಾರಾದ ವಾಕ್ಯದೊಳಗೇ ಸೇರಿಸಿ ಬರೆದಾಗ ಮಾತ್ರ ಅದು ಸ್ವಲ್ಪ ಮಟ್ಟಿಗೆ ಉಳಿದುಕೊಂಡಿತು.

ಇಷ್ಟೆಲ್ಲ ಹೇಳಿದರೂ ಜಾಲತಾಣಗಳಿಂದ ನನಗೆ ಸಿಕ್ಕ ಒಂದು ಲಾಭ ದೊಡ್ಡದು: ನನ್ನಂತೆಯೇ ಬರೆಯುವ ಇತರರ ಪರಿಚಯ. ಅವರು ತಮ್ಮ ಬ್ಲಾಗುಗಳಲ್ಲಿ ನನ್ನ ಬರಹಕ್ಕೆ ಲಿಂಕ್ ಕೊಟ್ಟಾಗ ಬಂದ ಓದುಗರು ಕಡಿಮೆಯಿದ್ದರೂ ನಿಂತು ಓದಿದರು. ಬೇರೆ ಪುಟಗಳು ಕೊಡುವ ಲಿಂಕನ್ನು ಶಿಫಾರಸಿನಂತೆ ಎಣಿಸುವ ಲೆಕ್ಕಾಚಾರ 1998ರಲ್ಲಿ ಗೂಗಲ್ ಹುಟ್ಟಿದಾಗಿನಿಂದಲೂ ಇದೆ, ಹಾಗಾಗಿ ಸರ್ಚ್‌ಗೂ ಅದರಿಂದ ಅನುಕೂಲ.

ಇಮೇಲ್ ಪಟ್ಟಿ

ಜನ ಇಮೇಲ್ ವಿಳಾಸ ಕೊಡಲು ಹಿಂಜರಿಯುತ್ತಾರೆ, ಹಿಂಜರಿಯಬೇಕಾದದ್ದೇ. ಹಾಗಾಗಿ ಈ ಪಟ್ಟಿ ಬೆಳೆಯುವುದು ಇರುವೆ ನಡೆದಷ್ಟು ಮೆಲ್ಲಗೆ. ಬೆಳೆದದ್ದು ಮಾತ್ರ ನನ್ನ ಬಳಿಯೇ ಇರುತ್ತದೆ. ಪತ್ರ ಕಳಿಸುವ ಸೇವೆ ಹಿಡಿಸದಿದ್ದರೆ ಪಟ್ಟಿಯನ್ನು ಫೈಲ್ ಆಗಿ ಇಳಿಸಿಕೊಂಡು ಇನ್ನೊಂದಕ್ಕೆ ಹೋಗಬಹುದು. ಉಳಿದ ಎರಡು ದಾರಿಗಳಲ್ಲಿ ಈ ಸ್ವಾತಂತ್ರ್ಯ ಇಲ್ಲ.

ತಾಂತ್ರಿಕ ಕೆಲಸ ಸ್ವಲ್ಪ ಇದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಕಳಿಸುವವರ ಗುರುತಿನ ನಿಯಮಗಳನ್ನು ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಪತ್ರ ನಿಜಕ್ಕೂ ಆ ವಿಳಾಸದಿಂದಲೇ ಬಂದದ್ದು ಎಂದು ತೋರಿಸುವ ತಾಂತ್ರಿಕ ಗುರುತುಗಳು) ಮೂರೂ ಬೇಕು, ಒಂದೇ ಕ್ಲಿಕ್ಕಿನಲ್ಲಿ ಪಟ್ಟಿ ಬಿಡುವ ಅವಕಾಶವೂ ಬೇಕು. ನಮ್ಮಂಥ ಸಣ್ಣ ಪಟ್ಟಿಯವರು ಅಷ್ಟು ದೂರ ಹೋಗದಿದ್ದರೂ ಡೊಮೇನ್‌ನಲ್ಲಿ ಮೊದಲೆರಡನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಪತ್ರ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಹೆಚ್ಚು. ಎಷ್ಟು ಜನ ತೆರೆದು ನೋಡಿದರು ಎಂಬ ಅಂಕಿಯನ್ನು ನಾನು ನಂಬುವುದಿಲ್ಲ. ಪತ್ರದೊಳಗಿನ ಚಿತ್ರ ಇಳಿದರೆ ತೆರೆದರು ಎಂದು ಎಣಿಸುವುದು ಅದರ ಲೆಕ್ಕ. 2021ರ ಸೆಪ್ಟೆಂಬರ್‌ನಲ್ಲಿ ಬಂದ ಆ್ಯಪಲ್‌ನ ಖಾಸಗಿತನದ ವ್ಯವಸ್ಥೆ ಪತ್ರದೊಳಗಿನ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವುದರಿಂದ, ಓದದ ಪತ್ರವೂ ತೆರೆದಂತೆ ಲೆಕ್ಕಕ್ಕೆ ಬರುತ್ತದೆ. ನಾನು ನೋಡುವುದು ಉತ್ತರಗಳನ್ನು.

ಉತ್ತರಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಎಲ್ಲರೆದುರು ಬರೆಯಲು ಸಂಕೋಚಪಡುವವರು ಪತ್ರಕ್ಕೆ ಮನಬಿಚ್ಚಿ ಬರೆಯುತ್ತಾರೆ. ತಾವು ತಂದೆಯಿಂದ ಸೈಕಲ್ ಕಲಿತದ್ದನ್ನು ಒಬ್ಬರು ಬರೆದರು. ಇನ್ನೊಬ್ಬರು ನಾನು ಮೆಚ್ಚಿದ ಪುಸ್ತಕ ತಮಗೆ ಏಕೆ ಹಿಡಿಸಲಿಲ್ಲ ಎಂದು ಪುಟಗಟ್ಟಲೆ ವಾದಿಸಿದರು, ಆ ವಾದವನ್ನು ಎದುರಿಗಿಟ್ಟುಕೊಂಡೇ ನಾನು ಮುಂದಿನ ಬರಹ ಬರೆದೆ. ಓದುಗರು ಎಂಬ ಸಮೂಹದ ಜಾಗದಲ್ಲಿ ಒಬ್ಬೊಬ್ಬರೂ ಬೇರೆಬೇರೆಯಾಗಿ ಕಾಣತೊಡಗುತ್ತಾರೆ. ಉದ್ದದ ಬರಹ ಬರೆಯಲು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಧೈರ್ಯ ಬರುತ್ತದೆ. ಇದೂ ಒಂದು ಎಳೆತವೇ, ಆದರೆ ನಾನು ಹೋಗಬೇಕೆಂದಿರುವ ಕಡೆಗೇ ಎಳೆಯುತ್ತದೆ.

ಇದರ ಭಾರವೂ ಇದೆ. ತಿಂಗಳಿಗೊಂದು ಪತ್ರ ಎಂದು ಹೇಳಿದ ಮೇಲೆ ಕಳಿಸಲೇಬೇಕು. ಪ್ರತಿ ಸಲವೂ ಕೆಲವರು ಪಟ್ಟಿ ಬಿಟ್ಟು ಹೋಗುತ್ತಾರೆ, ಅದು ಮನಸ್ಸಿಗೆ ತಾಗುತ್ತದೆ. ಪತ್ರದಲ್ಲೇ ಪೂರ್ತಿ ಬರಹ ಕಳಿಸುವುದನ್ನೂ ಬರೀ ಆಯ್ದ ಭಾಗ ಮತ್ತು ಲಿಂಕ್ ಕಳಿಸುವುದನ್ನೂ ಮಾಡಿ ನೋಡಿದೆ. ಪೂರ್ತಿ ಕಳಿಸಿದರೆ ಬ್ಲಾಗಿನ ಭೇಟಿಗಳು ಇಳಿಯುತ್ತವೆ, ಉತ್ತರಗಳು ಏರುತ್ತವೆ. ನಾನು ಪೂರ್ತಿ ಕಳಿಸುವುದನ್ನೇ ಆರಿಸಿಕೊಂಡೆ.

ಆರ್‌ಎಸ್‌ಎಸ್ ಬಗ್ಗೆ, ಅಂದರೆ ಬ್ಲಾಗಿನ ಹೊಸ ಬರಹಗಳನ್ನು ಓದುಗರಿಗೆ ತಾನಾಗಿಯೇ ತಲುಪಿಸುವ ಫೀಡ್ ಬಗ್ಗೆ, ಒಂದು ಮಾತು. 2013ರ ಜುಲೈ 1ರಂದು ಫೀಡ್ ಓದುವ ಸೇವೆಯಾದ ಗೂಗಲ್ ರೀಡರ್ ಮುಚ್ಚಿದ ಮೇಲೆ ಆರ್‌ಎಸ್‌ಎಸ್ ಸತ್ತಿತು ಎಂದವರಿದ್ದಾರೆ, ಆದರೆ ಫೀಡ್ ರೀಡರ್ ಬಳಸುವವರು ಈಗಲೂ ಇದ್ದಾರೆ. ವರ್ಡ್‌ಪ್ರೆಸ್ ಮತ್ತು ಬ್ಲಾಗರ್ ಎರಡೂ ತಾವಾಗಿಯೇ ಫೀಡ್ ಒದಗಿಸುತ್ತವೆ. ಕಾಣುವ ಜಾಗದಲ್ಲಿ ಅದರ ಕೊಂಡಿ ಇಟ್ಟರೆ ಸಾಕು.

ಹಾಗಾದರೆ ಯಾವುದು?

ಮಾಡುವ ವಿಧಾನ ಹೇಳಿಕೊಡುವ ಬರಹಗಳೇ ಹೆಚ್ಚಿದ್ದರೆ ಸರ್ಚ್. ದಿನದ ಸಂಗತಿಗಳಿಗೆ ಪ್ರತಿಕ್ರಿಯಿಸುವ ಬರಹವಾದರೆ ಜಾಲತಾಣ, ಏಕೆಂದರೆ ಆ ಬರಹಕ್ಕೂ ಆಯುಸ್ಸು ಅಷ್ಟೇ. ನೆನಪು, ಪ್ರಬಂಧ, ಪುಸ್ತಕಗಳ ಮಾತು ಬರೆಯುವವರು ಇಮೇಲ್ ಪಟ್ಟಿಯನ್ನು ಮೊದಲ ದಿನದಿಂದಲೇ ಶುರುಮಾಡಲಿ, ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು ಜನರಿದ್ದರೂ ಸರಿ. ನಾನೀಗ ಸಮಯದ ಹೆಚ್ಚು ಪಾಲನ್ನು ಇಮೇಲ್‌ಗೆ ಕೊಡುತ್ತೇನೆ. ರಿಪೇರಿ ಟಿಪ್ಪಣಿಗಳನ್ನು ಸರ್ಚ್‌ಗೆ ಒಪ್ಪುವಂತೆ ಬರೆದು, ಪ್ರತಿಯೊಂದರ ಕೆಳಗೂ ಪಟ್ಟಿಗೆ ಸೇರುವ ಆಹ್ವಾನ ಇಡುತ್ತೇನೆ. ಅಲ್ಲಿಂದ ಸೇರುವವರು ಕಡಿಮೆ, ಸೇರಿದವರು ನಿಲ್ಲುತ್ತಾರೆ. ಜಾಲತಾಣಕ್ಕೆ ಹೋಗುವುದು ಇತರ ಬರಹಗಾರರ ಜೊತೆ ಮಾತಾಡಲು ಮಾತ್ರ. ಈಚೆಗೆ ಪ್ರತಿ ಪತ್ರದ ಕೊನೆಯಲ್ಲಿ ಬೇರೆಯವರ ಒಂದು ಬರಹವನ್ನು ಓದಿ ಎಂದು ಸೂಚಿಸತೊಡಗಿದ್ದೇನೆ. ಅವರಲ್ಲಿ ಕೆಲವರು ತಾವೂ ಹಾಗೆಯೇ ಮಾಡಲು ಶುರುಮಾಡಿದ್ದಾರೆ.